ಸಣ್ಣ ರೊಟ್ಟಿ, ದೊಡ್ಡ ಹಂಚು

ಎರಡೂ ಕೈ ಚಾಚಿ ಗಾಳಿಯಲ್ಲಿ ದೊಡ್ಡದೊಂದು ಗುಂಡು ಬರೆದು, "ಗುಂಡಗ ಬರ್ರಿ, ಇಷ್ಟರಾಗ ಬರ್ರಿ" ಎನ್ನುತ್ತಿದ್ದರು ಕಾಕಾ. ಮದುವೆ ಮನೆಯಲ್ಲಿ ಗುಂಪು ಫೋಟೋಕ್ಕೆ ಮಂದಿಯನ್ನು ನಿಲ್ಲಿಸುವ ಅವರ ಪರಿ ಅದು. ಉಳಿದ ಫೋಟೋಗ್ರಾಫರುಗಳು ಸಾಲಾಗಿ ನಿಲ್ಲಿ ಅಂದರೆ ಇವರು ಗುಂಡಗೆ ನಿಲ್ಲಿ ಅನ್ನುವವರು. ವಿಜಯಪುರದ ಎಷ್ಟು ಮನೆಯ ಗೋಡೆಗಳ ಮೇಲೆ ಆ ಗುಂಡು ತೂಗಾಡುತ್ತಿದೆಯೋ ದೇವರಿಗೇ ಗೊತ್ತು. ಅದು ಯಾಕೆ ಗುಂಡು ಎಂಬುದು ಮಾತ್ರ ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಮೂರನೆಯವರಿಗೆ ಗೊತ್ತಾಗುವ ಹೊತ್ತಿಗೆ ಅವರು ಇರಲಿಲ್ಲ.

ಹೆಸರು ಬರೆಯುವುದಿಲ್ಲ. ಬರೆದರೆ ಅವರ ಅಣ್ಣನ ಹೆಸರೂ ಬೆನ್ನಿಗೇ ಬಂದು ನಿಲ್ಲುತ್ತದೆ. ಬದುಕಿದ್ದಾಗಲೂ ಹಾಗೇ ಆಗುತ್ತಿತ್ತು. ಸೊಲ್ಲಾಪುರ ರಸ್ತೆಯಲ್ಲಿ ಟೈರಿನ ಅಂಗಡಿಗೂ ವೆಲ್ಡಿಂಗ್ ಶೆಡ್ಡಿಗೂ ನಡುವೆ ಅಣ್ಣನ ಸ್ಟುಡಿಯೋ. ಅಣ್ಣನಿಗೆ ಊರೆಲ್ಲ ಸಾವಕಾರರು ಅನ್ನುತ್ತಿತ್ತು. ಗಿರಾಕಿಯ ಜೊತೆ ಮಾತು, ವ್ಯವಹಾರ, ಹೊರಗಿನ ಬೋರ್ಡು ಎಲ್ಲ ಅವರದು. ಕ್ಯಾಮೆರಾ ಹಿಡಿಯುವುದು ತಮ್ಮ, ನಾವೆಲ್ಲ ಕಾಕಾ ಅನ್ನುತ್ತಿದ್ದವರು. ಹಿಂದಿನ ಖೋಲಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಆಲ್ಬಮ್ ಹೊಂದಿಸುವವಳು ನಾನು. ನಮ್ಮ ಮನೆ ಜೋರಾಪುರ ಪೇಟೆ. ಡಿಗ್ರಿ ಮುಗಿದ ಮೇಲೆ ನೌಕರಿ ಸಿಗುವತನಕ ಅಂತ ಸೇರಿದವಳು ವರ್ಷಾನುಗಟ್ಟಲೆ ಅಲ್ಲೇ ಕೂತುಬಿಟ್ಟೆ. ಈಗ ಒಂದು ಕಾಲೇಜಿನ ಕಚೇರಿಯಲ್ಲಿ ಇದ್ದೇನೆ, ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ, ಕಾಕಾ ಇಲ್ಲ.

ಸ್ಟುಡಿಯೋದ ಮುಂದೆ ಈಗಲೂ ಅವರ ಶ್ರದ್ಧಾಂಜಲಿಯ ಫ್ಲೆಕ್ಸ್ ಇದೆ. ಆಧಾರ್ ಕಾರ್ಡಿನ ಫೋಟೋ ಹಾಕಿದ್ದಾರೆ, ಸುತ್ತ ಗುಂಡಗೆ ಹೂವಿನ ಹಾರ ಬಿಡಿಸಿದ್ದಾರೆ. ಆಧಾರ್ ಕಾರ್ಡಿನಲ್ಲಿ ಯಾರು ತಾನೇ ಮನುಷ್ಯರ ಹಾಗೆ ಕಾಣುತ್ತಾರೆ? ಆ ಫೋಟೋವೇ ಯಾಕೆ ಬಂತು ಅಂತ ಹೇಳಬೇಕಾದರೆ ಆ ಕ್ಯಾಮೆರಾದಿಂದ ಶುರುಮಾಡಬೇಕು.

ಖಂಡೇನವಮಿಯ ಆಯುಧಪೂಜೆಯ ದಿನ ಸಾವಕಾರರು ಹೊಸ ಕ್ಯಾಮೆರಾ ತಂದರು. ಫುಲ್ ಫ್ರೇಮ್, ಮಿರರ್‌ಲೆಸ್. ಕುಂಕುಮ ಹಚ್ಚಿ, ಲಿಂಬೆಹಣ್ಣು ಇಟ್ಟು, ಟೆಂಗು ಒಡೆದು, ನಮಗೆಲ್ಲ ಪೇಡೆ ಹಂಚಿದರು. ಮರುದಿನವೇ ಬೋರ್ಡಿನ ಮೇಲೆ ಆಳೆತ್ತರದ ಅಕ್ಷರದಲ್ಲಿ 'ಫುಲ್ ಫ್ರೇಮ್' ಅಂತ ಬರೆಸಿದರು. ಆದರೆ ತಂದದ್ದು ಬರೀ ಕ್ಯಾಮೆರಾ. ಲೆನ್ಸ್ ತರಲಿಲ್ಲ. ಹಳೆಯ ಸಣ್ಣ ಕ್ಯಾಮೆರಾದ ಲೆನ್ಸುಗಳು ಕಪಾಟಿನಲ್ಲಿ ಇದ್ದವಲ್ಲ. ಕಾಕಾ ಮೆಲ್ಲಗೆ, ಅಣ್ಣಾ, ಇದಕ್ಕ ಇದರದ ಲೆನ್ಸ್ ಬೇಕಾಗತೈತಿ ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಸಾವಕಾರರು ಹಳೆಯ ಲೆನ್ಸ್ ತೆಗೆದು ಹೊಸ ಕ್ಯಾಮೆರಾಕ್ಕೆ ಇಟ್ಟು ತಿರುವಿದರು. ಚಕ್ ಅಂತ ಕೂತಿತು.

"ಕೂಡತೈತಿಲ್ಲೊ? ಮತ್ತೇನಪಾ?" ಅಂದರು.

ಕಾಕಾ ಏನಾದರೂ ಅಂದಾರು ಅಂತ ನಾನು ಅವರ ಮುಖ ನೋಡಿದೆ. ಅವರು ಪೇಡೆ ಬಾಯಿಗೆ ಹಾಕಿಕೊಂಡರು.

ಮೊದಲ ಮದುವೆಯ ಫೋಟೋ ಕಂಪ್ಯೂಟರಿಗೆ ಇಳಿಸಿದಾಗ ನಾನು ಬೆಚ್ಚಿಬಿದ್ದೆ. ಗುಂಪು ಫೋಟೋದ ನಾಲ್ಕೂ ಮೂಲೆ ಮಸಿ ಬಳಿದಷ್ಟು ಕಪ್ಪು. ಒಂದು ಮೂಲೆಯಲ್ಲಿ ಯಾರದೋ ಅತ್ತೆಯ ಸೀರೆಯ ಅಂಚು ಕಾಣುತ್ತಿತ್ತು, ಅತ್ತೆ ಕಾಣುತ್ತಿರಲಿಲ್ಲ. ಹೊಸ ಕ್ಯಾಮೆರಾ ಕೆಟ್ಟದ್ದೇ ಬಂದಿದೆ ಅಂತ ನಾನು ಎದ್ದು ಸಾವಕಾರರನ್ನು ಕರೆಯಲು ಹೊರಟೆ. ಕಾಕಾ ಬಾಗಿಲು ಮುಂದೆ ಮಾಡಿ ನನ್ನನ್ನು ಕೂರಿಸಿದರು. ಊಟದ ಹೊತ್ತು, ನನ್ನ ಡಬ್ಬಿ ತೆರೆದಿತ್ತು. ಅದರೊಳಗಿನ ಕಟಕ್ ರೊಟ್ಟಿಯ ಕಡೆ ಬೆರಳು ಮಾಡಿದರು.

"ಹಂಚ ದೊಡ್ಡದ ಬಂದೈತಿ ಬೇ ತಂಗಿ. ರೊಟ್ಟಿ ಮೊದಲಿನಷ್ಟ ಐತಿ. ಸುತ್ತ ಹಂಚ ಕರ್ರಗ ಕಾಣೂದ ಅಲ್ಲೇನು?"

ಲೆನ್ಸಿನೊಳಗಿಂದ ಬೆಳಕು ಗುಂಡಗೆ ಬೀಳುತ್ತದಂತೆ. ಸಣ್ಣ ಕ್ಯಾಮೆರಾಕ್ಕೆ ಮಾಡಿದ ಲೆನ್ಸಿನ ಗುಂಡು ಸಣ್ಣದು, ಹೊಸ ಕ್ಯಾಮೆರಾದ ಒಳಗೆ ಆ ಬೆಳಕು ಹಿಡಿಯುವ ಹಂಚು ದೊಡ್ಡದು. ಹೊಸ ಕ್ಯಾಮೆರಾ ಜಾಣ. ಹಳೆಯ ಲೆನ್ಸ್ ಕೂತಿದೆ ಅಂತ ತಾನೇ ಗುರುತು ಹಿಡಿದು ಸುತ್ತಲಿನದನ್ನು ಕತ್ತರಿಸಿ ನಡುವಿನದನ್ನಷ್ಟೇ ಕೊಡುತ್ತದೆ. ಆಗ ಕಪ್ಪು ಬರುವುದಿಲ್ಲ. ಆದರೆ ಚಿತ್ರ ಅರ್ಧಕ್ಕೂ ಕಡಿಮೆ ಆಗುತ್ತದೆ, ಗೋಡೆಯಷ್ಟು ದೊಡ್ಡದು ಮಾಡಿಸಿದರೆ ಮಬ್ಬು ಮಬ್ಬು. ಸಾವಕಾರರು ಫುಲ್ ಫ್ರೇಮ್ ಅಂತ ಹೇಳಿ ಗಿರಾಕಿಗೆ ಗೋಡೆಯಗಲದ ಫೋಟೋ ಒಪ್ಪಿಕೊಂಡು ಕೂತಿದ್ದರು. ಹಾಗಾಗಿ ಗುಂಪು ಫೋಟೋ ಬಂದಾಗ ಕಾಕಾ ಆ ಕತ್ತರಿಸುವುದನ್ನು ಬಂದ್ ಮಾಡುತ್ತಿದ್ದರು. ಚಿತ್ರ ದೊಡ್ಡದಾಗುತ್ತಿತ್ತು, ಜೊತೆಗೆ ಕಪ್ಪೂ ಬರುತ್ತಿತ್ತು. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಕೂಡುತ್ತದಲ್ಲ ಅಂತಾರಲ್ಲ ಸಾವಕಾರರು ಅಂದೆ. ಕಾಕಾ ನಕ್ಕರು. "ಕೂಡೂದ ಬ್ಯಾರೆ, ಹೊಂದೂದ ಬ್ಯಾರೆ." ಆಮೇಲೆ, ಈ ಮಾತು ಅಣ್ಣನ ಕಿವಿಗೆ ಹೋಗಬಾರದು ಅಂತ ನನ್ನ ಕೈಮುಟ್ಟಿಸಿ ಆಣೆ ತಗೊಂಡರು. ಹಾಳಾದ ಆಣೆ. ಕೊಡಬಾರದಿತ್ತು ಅಂತ ಆವತ್ತೇ ಅನ್ನಿಸಿತ್ತು, ಆದರೆ ಅವರು ಕೇಳಿದ ರೀತಿಗೆ ಕೊಟ್ಟುಬಿಟ್ಟೆ.

ಗುಂಡು ಶುರುವಾದದ್ದು ಆಮೇಲೆ. ಮುದುಕರನ್ನು ನಡುವೆ ಕೂರಿಸುವುದು, ಹುಡುಗರನ್ನು ಅವರ ಕಾಲ ಬಳಿ ಗುಡ್ಡೆ ಹಾಕುವುದು, ಎತ್ತರದವರನ್ನು ಹಿಂದೆ ನಡುವಿಗೆ ತರುವುದು, ಅಂಚಿನವರನ್ನು ಒಳಗೆ ತಳ್ಳುವುದು. ಕೆಳಗಿನ ಮೂಲೆಗಳಿಗೆ ದೀಪದ ಸಮೆ, ಹೂವಿನ ಕುಂಡ, ಸೋಫಾದ ಕೈ. ಮೇಲಿನ ಮೂಲೆಗಳಿಗೆ ಖಾಲಿ ಗೋಡೆ. ನಮ್ಮ ಪೇಟೆಯ ಹಳೆಯ ಮನೆಗಳ ಅಂಗಳ ಎಷ್ಟಿರುತ್ತದೆ ಹೇಳಿ. ಕಾಕಾ ಹಿಂದೆ ಹಿಂದೆ ಸರಿಯುತ್ತ ಹೋಗಿ ಬೆನ್ನು ಗೋಡೆಗೆ ಬಡಿದಾಗ ನಿಲ್ಲುತ್ತಿದ್ದರು. ಒಂದು ಸಲ ನಮ್ಮದೇ ಓಣಿಯ ಮದುವೆಯಲ್ಲಿ ಅರಿವೆ ಒಗೆಯುವ ಕಲ್ಲಿನ ಮೇಲೆ ಹತ್ತಿ, ಬೆನ್ನು ಗೋಡೆಗೆ ಒತ್ತಿ, ತಲೆ ಮಾಡಿನ ಕೆಳಗೆ ಸಿಕ್ಕಿಸಿಕೊಂಡು ಫೋಟೋ ತೆಗೆದರು. ಇಳಿಯುವಾಗ ಅಂಗಿಯ ಬೆನ್ನಿಗೆ ಸುಣ್ಣ. ಮದುವೆಯ ಸುಗ್ಗಿಯಲ್ಲಿ ಅವರ ಎಲ್ಲ ಅಂಗಿಗಳ ಬೆನ್ನಿಗೂ ಸುಣ್ಣವೇ.

ವಿಚಿತ್ರ ನೋಡಿ, ಮಂದಿಗೆ ಅದು ಹಿಡಿಸಿತು. ಮನೆತನವೆಲ್ಲ ಒಂದೇ ಅಪ್ಪುಗೆಯಲ್ಲಿ ಇದ್ದ ಹಾಗೆ ಕಾಣುತ್ತದೆ ಅಂದರು. ಸುತ್ತ ಇರುವ ಕಪ್ಪು ಬಹಳ ಛಲೋ ಅಂದರು. ಸಾವಕಾರರು ಅದನ್ನೂ ಬಿಡಲಿಲ್ಲ, ಅದು ದುಬಾರಿ ಕ್ಯಾಮೆರಾದ ಗುರುತು, ಸಾದಾ ಕ್ಯಾಮೆರಾದಲ್ಲಿ ಬರುವುದಿಲ್ಲ ಅಂತ ಗಿರಾಕಿಗೆ ಹೇಳುತ್ತಿದ್ದರು. ಕೊನೆಗೆ ಬೇರೆ ಸ್ಟುಡಿಯೋದವರು ಒಳ್ಳೊಳ್ಳೆ ಲೆನ್ಸ್ ಹಾಕಿ ತೆಗೆದ ಚೊಕ್ಕ ಫೋಟೋಗಳಿಗೆ ಕಂಪ್ಯೂಟರಿನಲ್ಲಿ ಕಪ್ಪು ಮೂಲೆ ಬಳಿಯತೊಡಗಿದರು. ಅದನ್ನು ತೋರಿಸಿದಾಗ ನಾನು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡೆ. ಕಾಕಾ ನಗಲಿಲ್ಲ. ಇನ್ನು ಮ್ಯಾಲ ಛಲೋ ಲೆನ್ಸ್ ಬಂದರೂ ಮಂದಿ ಇದನ್ನ ಬೇಡತಾರ ಅಂದರು.

ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು. ಕಾಕಿಯ ತವರು ತಿಕೋಟಾ. ಕಾಕಿಯ ಅಣ್ಣನಿಗೆ ಅಲ್ಲಿ ದ್ರಾಕ್ಷಿ ಪಡ ಇದೆ, ಬಸ್ ಸ್ಟ್ಯಾಂಡಿನ ಹತ್ತಿರ ಶಟರ್ ಇರುವ ಒಂದು ಖೋಲಿಯೂ ಇದೆ. ಮೊದಲು ಒಣದ್ರಾಕ್ಷಿಯ ಡಬ್ಬ ಇಡುತ್ತಿದ್ದರು. ಭಾವ ಬಂದು ಸ್ಟುಡಿಯೋ ಹಾಕಲಿ, ಖೋಲಿ ಅವರದೇ ಅಂತ ತಿಳಿಯಲಿ ಅಂತ ಆತ ಹೇಳಿಕಳಿಸಿದ್ದ. ಬೋರ್ಡಿನ ಮೇಲೆ ಸುಳ್ಳು ಇಲ್ಲದ ಒಂದು ಅಂಗಡಿ, ತನ್ನ ಕೈಯಾರೆ ಆರಿಸಿದ ಒಂದು ಸಣ್ಣ ಕ್ಯಾಮೆರಾ, ಅದಕ್ಕೆ ಹೊಂದುವ ಲೆನ್ಸು. ದೊಡ್ಡ ಹಂಚು ನನಗೆ ಬ್ಯಾಡವೇ ಬ್ಯಾಡ ಅನ್ನುತ್ತಿದ್ದರು. ಇದಕ್ಕೆಲ್ಲ ಬೇಕಾದದ್ದು ಅಣ್ಣನಿಗೆ ಒಂದು ಮಾತು ಹೇಳುವುದು.

ಒಮ್ಮೆ ತಿಕೋಟಾಕ್ಕೆ ಆಲ್ಬಮ್ ಕೊಡಲು ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿ ಆ ಖೋಲಿ ತೋರಿಸಿದರು. ಶಟರ್ ಎತ್ತಿದರೆ ಒಣದ್ರಾಕ್ಷಿಯ ವಾಸನೆ ಇನ್ನೂ ಇತ್ತು. ನನ್ನನ್ನು ಎದುರು ಗೋಡೆಯ ಬಳಿ ನಿಲ್ಲಿಸಿ ತಾವು ಹಿಂದೆ ಸರಿದರು, ಸರಿದರು, ಇನ್ನೂ ಸರಿದರು, ಬಾಗಿಲು ದಾಟಿ ಕಟ್ಟೆಗೆ ಬಂದರು. ಅಲ್ಲಿಂದ ಕೂಗಿ ಹೇಳಿದರು.

"ಇಲ್ಲಿ ಹಿಂದ ಸರಿಯಾಕ ಜಾಗಾ ಐತಿ ನೋಡ ತಂಗಿ."

ಅಷ್ಟು ಖುಷಿಯಾಗಿ ಅವರನ್ನು ನಾನು ಮತ್ತೆ ನೋಡಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ, ಈ ಸೀಜನ್ ಮುಗೀಲಿ, ಅಣ್ಣಗ ಹೇಳೇ ಬಿಡತೇನಿ ಅಂದರು. ಸೀಜನ್ ಮುಗೀಲಿ ಎಂಬುದು ಅವರ ಊರುಗೋಲು. ಮದುವೆಯ ಸೀಜನ್ ಮುಗಿಯುತ್ತಿತ್ತು, ಆಷಾಢ ಬರುತ್ತಿತ್ತು, ಕೂತು ಮಾತಾಡಲು ಪುರುಸೊತ್ತೋ ಪುರುಸೊತ್ತು. ಕಾಕಾ ಆಗ ಲೆನ್ಸುಗಳನ್ನು ಹೊರಗೆ ತೆಗೆದು ಮೆತ್ತನೆಯ ಅರಿವೆಯಿಂದ ಒರೆಸುತ್ತ ಕೂರುತ್ತಿದ್ದರು. ಶ್ರಾವಣ ಹೋಗಿ, ದೀಪಾವಳಿ ಹೋಗಿ, ತುಳಸಿ ಲಗ್ನವಾಗಿ ಮತ್ತೆ ಸೀಜನ್ ಬರುತ್ತಿತ್ತು. ಭೂತನಾಳ ಕೆರೆಯ ದಂಡೆಯಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸುವ ಜೋಡಿಗಳು ಸಾಲುಗಟ್ಟುತ್ತಿದ್ದರು. ಕಾಕಾ ಮತ್ತೆ ಚೀಲ ಹೆಗಲಿಗೆ ಹಾಕುತ್ತಿದ್ದರು.

ನಾನು ಬಾಯಿ ಬಿಗಿಹಿಡಿಯುವವಳಲ್ಲ. ಅಂಜುಬುರುಕ ಅಂತ ಮುಖದ ಮೇಲೇ ಅಂದಿದ್ದೇನೆ. ಹಂಗಿನ ಅರಮನೆಗಿಂತ ವಿಂಗಡದ ಗುಡಿಸಲು ಲೇಸು ಅಂತ ನಮ್ಮವ್ವನ ಗಾದೆಯನ್ನೂ ಒಪ್ಪಿಸಿದ್ದೇನೆ. ಆಗ ಅವರು ಹಳೆಯ ಕತೆ ಹೇಳಿದರು. ಅಪ್ಪ ಸತ್ತಾಗ ಅವರಿನ್ನೂ ಸಣ್ಣವರು. ಅಣ್ಣ ಸಾಲೆ ಬಿಟ್ಟು, ಚಹಾದ ಅಂಗಡಿಯಲ್ಲಿ ಕಪ್ಪು-ಬಸಿ ತೊಳೆದು ಇವರನ್ನು ಓದಿಸಿದ್ದು. ಮೊದಲ ಕ್ಯಾಮೆರಾ ಕೈಗೆ ಕೊಟ್ಟದ್ದೂ ಅಣ್ಣನೇ. ಇಂದಿಗೂ ಮನೆಯಲ್ಲಿ ಇವರು ಬರುವತನಕ ಸಾವಕಾರರು ತಾಟು ಹಾಕಿಸಿಕೊಳ್ಳುತ್ತಿರಲಿಲ್ಲ.

"ಬೈದಿದ್ರ ಎದ್ದ ಹೋಗತಿದ್ದೆ ಬೇ. ಬೈಯೂದಿಲ್ಲ ಆಂವ. ಉಂಡೇನು ಅಂತ ಕೇಳತಾನ."

ಕೆಟ್ಟ ಧಣಿಯಾಗಿದ್ದರೆ ನಾನೇ ಒಂದು ದಿನ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಲ್ಲುತ್ತಿದ್ದೆ. ಸಾವಕಾರರು ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಮನೆಗೆ ಎಳನೀರು ಕಳಿಸಿದವರು. ಅವರಿಗೆ ತಿಳಿಯದು, ಅಷ್ಟೆ. ಕೂಡಿದ್ದೆಲ್ಲ ಹೊಂದಿದೆ ಅಂತಲೇ ಅವರ ಲೆಕ್ಕ. ತಿಳಿಯದವರಿಗೆ ತಿಳಿಸಬೇಕಾದವರು ಬಾಯಿ ಬಿಡುವುದಿಲ್ಲ, ಬಾಯಿ ಇರುವ ನನಗೆ ಆಣೆ.

ಸಾವಕಾರರ ಮಗಳ ಮದುವೆ ಬಬಲೇಶ್ವರದಲ್ಲಿ ಗೊತ್ತಾಯಿತು. ಬೀಗರ ಊರು ಅದು. ಈ ಮದುವಿ ಒಂದ ಆಗಲಿ, ಮಗಳನ್ನ ಕಳಿಸಿದ ಮ್ಯಾಲ ಅಣ್ಣಗ ಹೇಳತೇನಿ ಅಂದರು ಕಾಕಾ. ಈ ಸಲ ಸೀಜನ್ ಅನ್ನಲಿಲ್ಲ, ಅದಕ್ಕೇ ನಾನು ನಂಬಿದೆ. ಕಾಕಿ ತಿಕೋಟಾದ ಖೋಲಿಗೆ ಸುಣ್ಣ ಹೊಡೆಸಿದರು.

ಅಕ್ಷತೆ ಬಿದ್ದ ಮೇಲೆ ಮನೆತನದ ಫೋಟೋ. ಬೀಗರ ಕಡೆಯವರು, ನಮ್ಮ ಕಡೆಯವರು, ವೇದಿಕೆ ತುಂಬಿ ತುಳುಕುತ್ತಿತ್ತು. ಹಿಂದೆ ಸರಿಯೋಣವೆಂದರೆ ಊಟಕ್ಕೆ ಕಾದ ಮಂದಿಯ ಖುರ್ಚಿಗಳು ಬೆನ್ನಿಗೇ ಇದ್ದವು. ಕಾಕಾ ಗುಂಡು ಮಾಡಲು ಹೆಣಗಿದರು, ಆದರೆ ಬೀಗರಿಗೆ ಒಳಗೆ ಬರ್ರಿ, ಆಚೆ ಸರೀರಿ ಅಂತ ಎಷ್ಟು ಅನ್ನುವುದು? ಸಾವಕಾರರು ಹೆಣ್ಣಿನ ಅಪ್ಪ, ಎಲ್ಲರಿಗೂ ಜಾಗ ಬಿಟ್ಟುಕೊಟ್ಟು ಕೈಮುಗಿದು ಸರಿಯುತ್ತ ಸರಿಯುತ್ತ ತೀರ ಎಡತುದಿಗೆ ಹೋಗಿ ನಿಂತರು. ಕಾಕಾ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿ ಮುಖ ಎತ್ತಿದರು. ನನಗೆ ಅರ್ಥವಾಯಿತು. ಅಣ್ಣ ಕಪ್ಪಿನಲ್ಲಿ ನಿಂತಿದ್ದ.

ಅಷ್ಟರಲ್ಲಿ ಸಾವಕಾರರೇ ಅಲ್ಲಿಂದ ಕೂಗಿದರು. "ನೀನೂ ಬಾರೊ. ನಿನ್ನ ಬಿಟ್ಟ ನಂದ್ಯಾವ ಫೋಟೋ?"

ಕಾಕಾ ಕ್ಯಾಮೆರಾ ಸ್ಟ್ಯಾಂಡಿಗೆ ಸಿಕ್ಕಿಸಿ ನನ್ನ ಕೈಗೆ ಒಪ್ಪಿಸಿದರು. ವೇದಿಕೆ ಹತ್ತಿ ಅಣ್ಣನ ಎರಡೂ ಭುಜ ಹಿಡಿದು ನಡೆಸಿಕೊಂಡು ಹೋಗಿ ಮಗಳು ಅಳಿಯನ ಮಗ್ಗುಲಿಗೆ ನಿಲ್ಲಿಸಿದರು. ತಾವು ತಿರುಗಿ ಬಂದು ಅಣ್ಣ ನಿಂತಿದ್ದ ಜಾಗದಲ್ಲೇ ನಿಂತರು. ನಾನು ಕ್ಯಾಮೆರಾದಲ್ಲಿ ನೋಡಿದೆ. ಅವರಿದ್ದ ಕಡೆ ಏನೂ ಇರಲಿಲ್ಲ. ಕೈಸನ್ನೆ ಮಾಡಿದೆ, ಒಳಗೆ ಬರ್ರಿ ಅಂತ ಅವರದೇ ಗುಂಡು ಗಾಳಿಯಲ್ಲಿ ಬರೆದೆ. ಅವರು ನಕ್ಕು ತಲೆ ಅಲ್ಲಾಡಿಸಿದರು. "ಒತ್ತ ಬೇ" ಅಂದರು. ಒತ್ತಿದೆ.

ಮಗಳನ್ನು ಕಳಿಸಿದ ಮೇಲೆ ಸಾವಕಾರರು ಕುಸಿದರು. ಎದೆನೋವು, ಸೊಲ್ಲಾಪುರದ ದವಾಖಾನೆ, ಸ್ಟೆಂಟು. ಅವರು ದವಾಖಾನೆಯಲ್ಲಿದ್ದಾಗಲೇ ಮದುವೆಯ ಆಲ್ಬಮ್ ಬೀಗರ ಮನೆ ಸೇರಿತು, ಅವರು ಅದನ್ನು ತೆರೆದು ನೋಡಲೇ ಇಲ್ಲ. ಡಾಕ್ಟರು ಮನಸ್ಸಿಗೆ ಹಚ್ಚಿಕೊಳ್ಳುವಂಥ ಮಾತು ಯಾರೂ ಆಡಬಾರದು ಅಂದರಂತೆ. ಕಾಕಾ ಅದನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ದುಃಖವಿರಲಿಲ್ಲ, ಬೀಗ ಬಿದ್ದ ಮನೆಯಂತೆ ಇತ್ತು. ಆಮೇಲೆ ಅವರು ಸೀಜನ್ ಮಾತೂ ಎತ್ತಲಿಲ್ಲ. ಕಾಕಿಯ ಅಣ್ಣ ಎರಡು ಸುಗ್ಗಿ ಕಾದು, ಖೋಲಿಗೆ ಮತ್ತೆ ಒಣದ್ರಾಕ್ಷಿ ತುಂಬಿದ. ನನಗೆ ಕಾಲೇಜಿನ ನೌಕರಿ ಬಂತು. ಬಿಟ್ಟು ಬರುವ ದಿನ ಕಾಕಾ ರಸ್ತೆಯತನಕ ಬಂದು, ನೀ ಒಬ್ಬಾಕಿರೆ ಪಾರಾದಿ ಅಂದರು. ತಮಾಷೆಗೆ ಅಂದದ್ದೇ ಇರಬೇಕು. ನಾನು ಆಟೋದಲ್ಲಿ ಅತ್ತೆ.

ಅಣ್ಣನ ಎದೆ ಗಟ್ಟಿಯಾಗೇ ಉಳಿಯಿತು. ಈ ಶ್ರಾವಣದಲ್ಲಿ ನಿಂತದ್ದು ತಮ್ಮನ ಎದೆ. ಸ್ಟುಡಿಯೋದಲ್ಲಿ, ಹಾಡುಹಗಲೇ, ಲೆನ್ಸ್ ಒರೆಸುತ್ತ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ.

ಮೂರನೆಯ ದಿನ ಸಾವಕಾರರ ಫೋನ್ ಬಂತು. ಫ್ಲೆಕ್ಸಿಗೆ ಫೋಟೋ ಬೇಕು, ಒಂದೂ ಸಿಗವಲ್ದು, ನೀನೇ ಬಂದು ಹುಡುಕಿಕೊಡವ್ವಾ ಅಂದರು. ಹೋದೆ. ಮನೆಗೆ ಬಂದ ಮಂದಿಯ ಮೊಬೈಲಿನಲ್ಲಿ ಕಾಕಾ ಬೇಕಾದಷ್ಟು ಕಡೆ ಇದ್ದರು, ಆದರೆ ಎಲ್ಲದರಲ್ಲೂ ಮುಖಕ್ಕೆ ಕ್ಯಾಮೆರಾ ಅಡ್ಡ. ಆಗ ಸಾವಕಾರರಿಗೇ ನೆನಪಾಯಿತು. ಮಗಳ ಮದುವ್ಯಾಗ ಆಂವ ನಿಂತಾನಲ್ಲ, ಅದನ್ನ ತಗಿ ಅಂದರು. ಸ್ಟುಡಿಯೋದಿಂದ ಮನೆಗೆ ತರಿಸಿದ್ದ ಹಳೆಯ ಕಂಪ್ಯೂಟರಿನಲ್ಲಿ ಆ ಫೈಲ್ ಇತ್ತು. ತೆರೆದೆ. ನಡುವೆ ಸಾವಕಾರರು ಸೂರ್ಯನ ಹಾಗೆ ಬೆಳಗುತ್ತಿದ್ದರು. ಎಡಮೂಲೆ ಕಪ್ಪು.

ಬೆಳಕ ಮಾಡವ್ವಾ ಅಂದರು. ಮಾಡಿದೆ, ಎಷ್ಟು ಎಳೆಯಲು ಬರುತ್ತದೋ ಅಷ್ಟೂ ಎಳೆದೆ. ಬೆಳಕೇ ಬೀಳದ ಕಡೆಯಿಂದ ಏನು ಬರುತ್ತದೆ? ಒಂದು ಕಿವಿ, ಒಂದು ಕೆನ್ನೆ, ನಕ್ಕದ್ದರ ಒಂದು ತುದಿ ಬಂತು. ಅದೂ ಮರಳು ಮರಳು.

ಇದ್ಯಾಕ ಹಿಂಗ ಅಂತ ಸಾವಕಾರರು ಕೇಳಿದರು. ಬಾಗಿಲಲ್ಲಿ ಕಾಕಿ ಕೂತಿದ್ದರು. ಅವರು ನನ್ನನ್ನು ನೋಡಿದರು, ಬೇಡ ಅನ್ನಲಿಲ್ಲ. ಆಣೆ ತಗೊಂಡವರೇ ಹೋದ ಮೇಲೆ ಆಣೆ ಯಾವುದು? ಹೇಳಿದೆ. ರೊಟ್ಟಿ ಹಂಚಿನ ಲೆಕ್ಕದಿಂದ ಹಿಡಿದು ಹೇಳಿದೆ. ಗುಂಡು ಯಾಕೆ ಅಂತ ಹೇಳಿದೆ. ಈ ಮೂಲೆಯಲ್ಲಿ ನಿಂತವರು ಕಾಣುವುದಿಲ್ಲ ಅಂತ ಅವರಿಗೆ ಗೊತ್ತಿತ್ತು, ಅದಕ್ಕೇ ನಿಮ್ಮನ್ನು ಅಲ್ಲಿಂದ ತೆಗೆದು ತಾವು ನಿಂತರು ಅಂದೆ. ತಿಕೋಟಾದ ಖೋಲಿಯ ಮಾತೂ ಹೇಳಿದೆ. ದನಿ ಏರಿತ್ತು, ಅಳುವೂ ಬಂದಿತ್ತು, ಆದರೆ ನಡುವೆ ನಿಲ್ಲಿಸಲಿಲ್ಲ.

ಸಾವಕಾರರು ಎದ್ದು ಕಪಾಟಿನಿಂದ ಕಾಕಾನ ಚೀಲ ತಂದರು. ಕ್ಯಾಮೆರಾ ತೊಡೆಯ ಮೇಲೆ ಇಟ್ಟುಕೊಂಡು, ಹಳೆಯ ಲೆನ್ಸ್ ಹಚ್ಚಿ ತಿರುವಿದರು. ಚಕ್ ಅಂದಿತು. ಬಿಚ್ಚಿದರು. ಮತ್ತೆ ಹಚ್ಚಿದರು. ಮತ್ತೆ ಚಕ್ ಅಂದಿತು. ಕಣ್ಣಿಂದ ನೀರು ಕ್ಯಾಮೆರಾದ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಕೂಡತೈತಲ್ಲ ತಂಗಿ," ಅಂದರು. "ನೋಡಿಲ್ಲಿ, ಎಷ್ಟ ಛಂದ ಕೂಡತೈತಿ."

ಕಾಕಿ ಎದ್ದು ಒಳಗೆ ಹೋದರು.